ಆಟಿಸಂ ಇರುವ ಮಗು ಹೊಸ ಶಾಲೆಗೆ ಹೊರಟಾಗ: ಮಲೆನಾಡಿನ ಅಪ್ಪ ಅಮ್ಮಂದಿರಿಗೆ

ನಮ್ಮ ಕಡೆ ಶಾಲೆ ಮತ್ತು ಮಳೆ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಹೊಸ ಯೂನಿಫಾರಂ, ಕಾಲು ಕಚ್ಚುವ ಹೊಸ ಬೂಟು, ಮೈಗೆ ಅಂಟುವ ರೇನ್‌ಕೋಟು, ಒದ್ದೆ ಸಾಕ್ಸು, ತಗಡಿನ ಶೀಟಿನ ಮೇಲೆ ಬಡಿಯುವ ಮಳೆ. ಜೂನ್ ಮೊದಲ ವಾರ ಯಾವ ಮಗುವಿಗಾದರೂ ಸ್ವಲ್ಪ ಕಷ್ಟವೇ. ಆಟಿಸಂ ಇರುವ ಮಗುವಿಗೆ ಇದೆಲ್ಲ ಒಂದೇ ದಿನ ಮೈಮೇಲೆ ಬಂದರೆ ಪಾಠ, ಗೆಳೆತನ ಎಲ್ಲ ಆಮೇಲಿನ ಮಾತು. ಮೊದಲು ಆ ದಿನ ದಾಟಿದರೆ ಸಾಕಾಗಿರುತ್ತದೆ.

ನನ್ನ ಮಗ ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿ, ಆರನೇ ಕ್ಲಾಸಿಗೆ ಶಿವಮೊಗ್ಗದ ಶಾಲೆಗೆ ಸೇರಿದ. ಹಳ್ಳಿ ಶಾಲೆಯ ಎಲ್ಲ ಮಕ್ಕಳೂ ಒಂದು ಕೋಣೆಯಲ್ಲಿ ಹಿಡಿಸುತ್ತಿದ್ದರು. ಪೇಟೆ ಶಾಲೆಯಲ್ಲಿ ಅವನ ಕ್ಲಾಸಿನಲ್ಲೇ ಅದಕ್ಕಿಂತ ಜಾಸ್ತಿ ಮಕ್ಕಳು. ಆಗ ನಮಗೆ ಉಪಯೋಗಕ್ಕೆ ಬಂದದ್ದು, ಬೇರೆ ಅಪ್ಪ ಅಮ್ಮಂದಿರಿಂದ, ಶಿಕ್ಷಕರಿಂದ ಕಲಿತದ್ದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೆಳೆತನವನ್ನು ನಾವು ಮಾಡಿಸಲು ಬರುವುದಿಲ್ಲ. ಇಬ್ಬರು ಮಕ್ಕಳು ಹೆದರಿಕೆಯಿಲ್ಲದೆ, ಒಂದೇ ಕೆಲಸದಲ್ಲಿ, ದಿನಾ ಸಿಗುವ ಹಾಗೆ ಮಾಡಬಹುದು. ದೊಡ್ಡವರ ಪಾಲಿಗೆ ಬರುವುದು ಇಷ್ಟೇ, ಆದರೆ ಇದರಲ್ಲಿ ಕೆಲಸ ಬೇಕಾದಷ್ಟಿದೆ.

1. ಶಾಲೆ ನೋಡಲು ಊಟದ ಬಿಡುವಿನಲ್ಲಿ ಹೋಗಿ

ಶಾಲೆ ನೋಡಲು ನಾವೆಲ್ಲ ಹೋಗುವುದು ಆಫೀಸ್ ರೂಮಿಗೆ. ಅಲ್ಲಿ ಏನೂ ಗೊತ್ತಾಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ, ಶಾಲೆ ನಡೆಯುತ್ತಿರುವಾಗಲೇ, ಊಟದ ಬಿಡುವಿಗೆ ಸರಿಯಾಗಿ ಹೋಗಿ. ಗದ್ದಲ ಎಷ್ಟಿದೆ, ಮಕ್ಕಳು ಓಡಾಡುವ ಜಾಗ ಎಷ್ಟು ಇಕ್ಕಟ್ಟು, ಒಂಟಿಯಾಗಿ ಕೂತಿರುವ ಮಗುವನ್ನು ಯಾರಾದರೂ ಮಾತಾಡಿಸುತ್ತಾರಾ ನೋಡಿ. ಶೌಚಾಲಯದ ಒಳಗೆ ಹೋಗಿ ಬನ್ನಿ. ವಾಸನೆ, ಕತ್ತಲೆ, ಚಿಲಕ ಇಲ್ಲದ ಬಾಗಿಲು ಇವುಗಳಿಂದಲೇ ಎಷ್ಟೋ ಮಕ್ಕಳು ಇಡೀ ದಿನ ತಡೆದುಕೊಂಡು ಕೂತಿರುತ್ತಾರೆ. ಸಂಜೆಯ ಅಳುವಿಗೆ ಕಾರಣ ಒಮ್ಮೊಮ್ಮೆ ಅಷ್ಟೇ ಇರುತ್ತದೆ.

ಎರಡನೇ ಸಲ ಮಗುವನ್ನು ಕರೆದುಕೊಂಡು ಹೋಗಿ. ಮುಖ್ಯ ಶಿಕ್ಷಕರು ಮಗುವಿನ ಜೊತೆ ಮಾತಾಡುತ್ತಾರಾ, ಅಥವಾ ಮಗುವನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು "ಇವನಿಗೆ ಏನು ಬರುತ್ತೆ?" ಅಂತ ನಿಮ್ಮನ್ನು ಕೇಳುತ್ತಾರಾ? ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

"ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ, ಬೇರೆ ಕಡೆ ನೋಡಿದರೆ ಒಳ್ಳೆಯದು" ಎಂದು ನಯವಾಗಿ ಹೇಳಿ ಕಳಿಸುವುದು ಮಾಮೂಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರದ ಹಣ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ ಆ ಕಾಯ್ದೆ. ಆದರೆ ಮೊದಲ ಭೇಟಿಯಲ್ಲೇ ಕಾನೂನು ತೆಗೆಯಬೇಡಿ. ಹತ್ತಿರದಲ್ಲಿ ಇನ್ನೊಂದು ಶಾಲೆ ಇದ್ದರೆ, ಮನಸ್ಸಿಲ್ಲದ ಶಾಲೆಗೆ ಜಗಳ ಮಾಡಿ ಸೇರಿಸುವುದರಲ್ಲಿ ಲಾಭವಿಲ್ಲ. ಹೊಸನಗರದ ಒಳಗಿನ ಹಳ್ಳಿಯಲ್ಲೋ ಆಗುಂಬೆ ಕಡೆಯಲ್ಲೋ ಇದ್ದು, ಇರುವುದು ಒಂದೇ ಶಾಲೆ ಅಂದರೆ ಮಾತು ಬೇರೆ. ಆಗ ಲಿಖಿತವಾಗಿ ಕೇಳಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಕೊಡಿ.

ಸಣ್ಣ ಹಳ್ಳಿ ಶಾಲೆಯನ್ನು ಕಡೆಗಣಿಸಬೇಡಿ. ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ಇರುವ ನಲಿಕಲಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ನಮ್ಮಂಥ ಮಕ್ಕಳಿಗೆ ಅದು ಚೆನ್ನಾಗಿ ಹೊಂದುತ್ತದೆ. ತೊಂದರೆ ಅಂದರೆ ಐದಕ್ಕೋ ಏಳಕ್ಕೋ ಶಾಲೆ ಮುಗಿದುಹೋಗುತ್ತದೆ, ಬದಲಾವಣೆ ತಪ್ಪುವುದಿಲ್ಲ. ಆ ವರ್ಷ ಯಾವುದು ಎಂದು ಮೊದಲೇ ಗೊತ್ತಿರುತ್ತದಲ್ಲ, ಒಂದು ವರ್ಷ ಮುಂಚೆಯೇ ಮುಂದಿನ ಶಾಲೆಯ ಕಡೆ ಓಡಾಡಲು ಶುರುಮಾಡಿ.

2. ಕಾಗದ ಪತ್ರ

ಇದು ಬೇಜಾರಿನ ಕೆಲಸ, ಬೇಗ ಮುಗಿಸಿಬಿಡಿ. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಮತ್ತು ವಿಕಲಚೇತನ ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಶಿವಮೊಗ್ಗ ಜಿಲ್ಲೆಯವರು ಸಾಮಾನ್ಯವಾಗಿ ತಪಾಸಣೆಗೆ ಹೋಗುವುದು ಮೆಗ್ಗಾನ್ ಆಸ್ಪತ್ರೆಗೆ. ಐಎಸ್‌ಎಎ ಎಂಬ ನಮ್ಮ ದೇಶದಲ್ಲೇ ಮಾಡಿದ ಆಟಿಸಂ ಅಳತೆಪಟ್ಟಿಯನ್ನು, ಮಗುವನ್ನು ಗಮನಿಸಿ, ನಿಮ್ಮನ್ನು ಪ್ರಶ್ನೆ ಕೇಳಿ ತುಂಬುತ್ತಾರೆ. ಪ್ರಮಾಣಪತ್ರದಲ್ಲಿ ವೈಕಲ್ಯದ ಪ್ರಮಾಣ ಶೇ. 40 ಅಥವಾ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 2016ರ ಆ ಕಾಯ್ದೆಯಲ್ಲೇ ಇವೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಸಿಗುತ್ತದೆ.

ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ಇದ್ದರೆ, ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಡಾಕ್ಟರ ತಂಡಕ್ಕೆ ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ಇದನ್ನು ನೋಡುತ್ತಾರೆ. ನೆಂಟರು ಯಾರಾದರೂ "ಇದಕ್ಕೊಂದು ಔಷಧಿ ಇದೆಯಂತೆ, ಪೂರ್ತಿ ಗುಣ ಆಗುತ್ತಂತೆ" ಅಂದರೆ ತಲೆಯಾಡಿಸಿ ಸುಮ್ನೆ ಬಂದುಬಿಡಿ. ಆಟಿಸಂ ಅನ್ನು ಗುಣ ಮಾಡುವ ಔಷಧಿ ಇಲ್ಲ. ಅದು ರೋಗವೂ ಅಲ್ಲ. ಆ ದುಡ್ಡಿಗೆ ಒಂದು ಒಳ್ಳೆ ರೇನ್‌ಕೋಟು ಬರುತ್ತದೆ.

ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ: ಬಿಐಇಆರ್‌ಟಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅಡಿ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ವಿಶೇಷ ಶಿಕ್ಷಕರು ಇವರು. ಇಡೀ ತಾಲ್ಲೂಕು ಅವರ ತಲೆ ಮೇಲೆ ಇರುವುದರಿಂದ ದಿನಾ ಸಿಗುವುದಿಲ್ಲ. ಆದರೆ ಕ್ಲಾಸ್ ಟೀಚರಿಗೆ ನೀವು ಹೇಳುವುದಕ್ಕಿಂತ ಅವರು ಒಂದು ಸಲ ಬಂದು ಹೇಳಿದರೆ ತೂಕ ಹೆಚ್ಚು.

3. ಮಗುವಿನ ಬಗ್ಗೆ ಒಂದೇ ಒಂದು ಹಾಳೆ

ಡಾಕ್ಟರ ರಿಪೋರ್ಟನ್ನು ಟೀಚರುಗಳು ಓದುವುದಿಲ್ಲ. ಓದಿದರೂ ಅದರಿಂದ ಬೆಳಗ್ಗೆ ಹತ್ತು ಗಂಟೆಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಅದಕ್ಕೇ ಒಂದು ಹಾಳೆ, ಒಂದೇ ಬದಿ, ದೊಡ್ಡ ಅಕ್ಷರ. ನಾವು ಬರೆದುಕೊಟ್ಟದ್ದು ಹೆಚ್ಚುಕಡಿಮೆ ಹೀಗಿತ್ತು:

"ಇವನಿಗೆ ರೈಲು, ಸ್ಟೇಷನ್ ಹೆಸರು, ಲೆಕ್ಕ ಇಷ್ಟ. ಕರೆದಾಗ ತಿರುಗಿ ನೋಡದಿದ್ದರೂ ಕೇಳಿಸಿಕೊಂಡಿರುತ್ತಾನೆ. ಮುಖ ನೋಡಿ ಮಾತಾಡು ಎಂದು ಒತ್ತಾಯ ಮಾಡಬೇಡಿ, ನೋಡಬೇಕಾದರೆ ಕೇಳುವುದು ತಪ್ಪಿಹೋಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಉತ್ತರ ಬರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಕೈ ಅಲ್ಲಾಡಿಸುವುದು, ಕೂತಲ್ಲೇ ತೂಗುವುದು ಅವನಿಗೆ ಸಮಾಧಾನ ಕೊಡುತ್ತದೆ, ತಡೆಯಬೇಡಿ. ಬೆಲ್ಲಿನ ಸದ್ದು, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುವುದು ಕಷ್ಟ. ಕಿವಿ ಮುಚ್ಚಿಕೊಂಡರೆ ಹೊರಗೆ ಹೋಗಲು ಬಿಡಿ, ಐದು ನಿಮಿಷದಲ್ಲಿ ತಾನೇ ಬರುತ್ತಾನೆ. ಹಿಂದಿನಿಂದ ಬಂದು ಮುಟ್ಟಬೇಡಿ."

ನಿಮ್ಮ ಮಗುವಿನ ಹಾಳೆ ಬೇರೆಯೇ ಇರುತ್ತದೆ. ಮಾತು ಬರದ ಮಗುವಾದರೆ "ಹೌದು", "ಬೇಡ", "ನೀರು", "ಶೌಚಾಲಯ" ಇವನ್ನು ಯಾವ ಸನ್ನೆಯಿಂದ, ಯಾವ ಚಿತ್ರದಿಂದ ಹೇಳುತ್ತದೆ ಎಂದು ಚಿತ್ರಸಮೇತ ಹಾಕಿ. ಇಷ್ಟದ ಸಂಗತಿ ಮೊದಲ ಸಾಲಿನಲ್ಲೇ ಇರಲಿ. ಟೀಚರು ಮಗುವನ್ನು ಮಾತಾಡಿಸುವುದು ಅಲ್ಲಿಂದಲೇ ಶುರುವಾಗುತ್ತದೆ.

ಪ್ರತಿ ಮಾಡಿಸಿ ಕ್ಲಾಸ್ ಟೀಚರ್, ಮುಖ್ಯ ಶಿಕ್ಷಕರು, ಪಿಟಿ ಮೇಷ್ಟ್ರು, ವ್ಯಾನ್ ಡ್ರೈವರ್, ಬಿಸಿಯೂಟದ ಅಕ್ಕಂದಿರು ಎಲ್ಲರಿಗೂ ಕೊಡಿ. ಕೊನೆಯ ಇಬ್ಬರನ್ನು ಎಲ್ಲರೂ ಮರೆಯುತ್ತಾರೆ. ಅನ್ನ ಮತ್ತು ಸಾಂಬಾರು ಬೇರೆ ಬೇರೆ ಇರಲಿ ಎಂದು ಆ ಅಕ್ಕನಿಗೆ ಗೊತ್ತಿದ್ದರೆ ಮಗು ಊಟ ಮಾಡುತ್ತದೆ. ಗೊತ್ತಿಲ್ಲದಿದ್ದರೆ ಮಧ್ಯಾಹ್ನದ ಮೇಲೆ ಹಸಿದ ಮಗುವಿಗೆ ಯಾರೂ ಪಾಠ ಮಾಡಲಾರರು.

4. ಮೇ ತಿಂಗಳ ತಾಲೀಮು

ಖಾಲಿ ಶಾಲೆಗೆ ಕರೆದುಕೊಂಡು ಹೋಗಿ. ಬೇಸಿಗೆ ರಜೆಯಲ್ಲಿ ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಗೇಟು, ಅವನ ಕೋಣೆ, ನಲ್ಲಿ, ಶೌಚಾಲಯ, ಊಟದ ಜಾಗ, ಗದ್ದಲ ಜಾಸ್ತಿಯಾದಾಗ ಹೋಗಿ ಕೂರುವ ಜಾಗ, ಹೀಗೆ ಒಂದೊಂದರ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಮನೆಯಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿ, ಕೆಳಗೆ ಒಂದೊಂದು ಸಾಲು ಬರೆಯಿರಿ. "ಇದು ನನ್ನ ಕ್ಲಾಸು. ಬೆಲ್ ಆದಾಗ ಜೋರು ಸದ್ದು ಬರುತ್ತೆ. ನಾನು ಕಿವಿ ಮುಚ್ಚಿಕೊಳ್ಳಬಹುದು." ರಾತ್ರಿ ಮಲಗುವ ಮುಂಚೆ ಇದನ್ನೇ ಓದಿ. ಸಾಧ್ಯವಾದರೆ ಬೆಲ್ಲನ್ನು ಮಗುವೇ ಒಂದು ಸಲ ಬಾರಿಸಲಿ. ತಾನೇ ಮಾಡಿದ ಸದ್ದಿಗೆ ಹೆದರಿಕೆ ಕಮ್ಮಿ.

ಯೂನಿಫಾರಂ ಎರಡು ಮೂರು ಸಲ ಒಗೆದು ಮೆತ್ತಗಾದ ಮೇಲೆ ಹಾಕಿಸಿ, ಕಾಲರಿನ ಲೇಬಲ್ ಕತ್ತರಿಸಿ. ಬೂಟು ಮೇ ತಿಂಗಳಲ್ಲೇ ಮನೆಯೊಳಗೆ ಹಾಕಿ ಓಡಾಡಲಿ. ರೇನ್‌ಕೋಟಿನ ತಾಲೀಮು ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲೇ ಆಗಲಿ. ರೇನ್‌ಕೋಟು ಆಗುವುದೇ ಇಲ್ಲ ಅನ್ನುವ ಮಕ್ಕಳಿರುತ್ತಾರೆ. ಆಗ ದೊಡ್ಡ ಕೊಡೆ, ಚೀಲದಲ್ಲಿ ಒಂದು ಜೊತೆ ಒಣ ಸಾಕ್ಸು, ಒಂದು ಟವೆಲ್. ಒದ್ದೆ ಸಾಕ್ಸು ಬದಲಿಸಲು ಬಿಡಬೇಕು ಎಂದು ಹಾಳೆಯಲ್ಲಿ ಸೇರಿಸಿ. ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ದಿನದ ಕ್ರಮವನ್ನು ಚಿತ್ರಗಳಲ್ಲಿ ಗೋಡೆಗೆ ಹಾಕಿ. ಶನಿವಾರ ಬೆಳಗಿನ ಶಾಲೆ, ಅದಕ್ಕೆ ಬೇರೆಯದೇ ಸಾಲು. "ಮಳೆ ರಜೆ" ಎಂಬ ಕಾರ್ಡೂ ಒಂದು ಇರಲಿ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಸುದ್ದಿ ಬರುವ ಹೊತ್ತಿಗೆ ಮಗು ಮಲಗಿಯೋ, ಹೊರಟು ನಿಂತೋ ಇರುತ್ತದೆ. ಉಳಿದ ಮಕ್ಕಳು ಕುಣಿಯುತ್ತಾರೆ. ನಮ್ಮ ಮಕ್ಕಳಿಗೆ ಆ ದಿನವೇ ಬಿದ್ದುಹೋದ ಹಾಗೆ. ಶಾಲೆಯ ಚಿತ್ರ ತೆಗೆದು ಈ ಕಾರ್ಡು ಹಾಕಿ, ಅದರ ಕೆಳಗೆ ರಜೆಯ ದಿನ ಮನೆಯಲ್ಲಿ ಏನೇನು ಎಂದು ಹಾಕಿದರೆ ಅರ್ಧ ಗಲಾಟೆ ಇಳಿಯುತ್ತದೆ.

5. ಮೊದಲ ವಾರಗಳು

ಶಾಲೆ ಒಪ್ಪಿದರೆ ಮೊದಲು ಅರ್ಧ ದಿನ. ಊಟ ಮಾಡಿ ಬರಲಿ. ಊಟದ ಮುಂಚೆ ಕರೆತಂದರೆ ಊಟದ ಗದ್ದಲ ರೂಢಿಯಾಗುವುದೇ ಇಲ್ಲ. ದಿನಾ ಅದೇ ಬೆಂಚು ಇರಲಿ, ಗೋಡೆ ಬದಿಗಿದ್ದರೆ ಒಳ್ಳೆಯದು, ಬಾಗಿಲು ಕಾಣುವಂತಿರಲಿ. "ನನಗೆ ಬ್ರೇಕ್ ಬೇಕು" ಅನ್ನುವುದಕ್ಕೆ ಒಂದು ಬಣ್ಣದ ಚೀಟಿ ಕೊಡಿ. ಅದನ್ನು ಬೆಂಚಿನ ಮೇಲೆ ಇಟ್ಟರೆ ಟೀಚರು ಕಣ್ಣಲ್ಲೇ ಹೂಂ ಅನ್ನಬೇಕು, ಪ್ರಶ್ನೆ ಕೇಳಬಾರದು. ದಿನಕ್ಕೆ ಹತ್ತು ಸಲ ಇಡುತ್ತಾನೆ ಅಂತ ದೂರು ಬರಬಹುದು. ಬರಲಿ. ಚೀಟಿ ಕೆಲಸ ಮಾಡುತ್ತದೆ ಅಂತ ನಂಬಿಕೆ ಬಂದ ಮೇಲೆ ತಾನಾಗಿ ಕಮ್ಮಿಯಾಗುತ್ತದೆ.

ಹಟಕ್ಕೂ ಮೆಲ್ಟ್‌ಡೌನಿಗೂ (ಗದ್ದಲ, ಒತ್ತಡ ತಡೆಯಲಾರದೆ ಮಗು ಹಿಡಿತ ಕಳೆದುಕೊಳ್ಳುವುದು) ಇರುವ ವ್ಯತ್ಯಾಸವನ್ನು ಟೀಚರಿಗೆ ಮುಂಚೆಯೇ ಹೇಳಿ. ಹಟ ಮಾಡುವ ಮಗು ನಡುನಡುವೆ ನಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಆದಾಗ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ. ಏನು ಕೊಟ್ಟರೂ ನಿಲ್ಲುವುದಿಲ್ಲ. ಆಗ ಮಾತು ಕಮ್ಮಿ ಮಾಡಿ, ಉಳಿದ ಮಕ್ಕಳನ್ನು ಆಚೆ ಕಳಿಸಿ, ಪೆಟ್ಟಾಗದಂತೆ ನೋಡಿಕೊಂಡು ಕಾಯುವುದು. ಕೆಲವು ಮಕ್ಕಳು ಕೂಗಾಡದೆ ಕಲ್ಲಿನಂತೆ ಸುಮ್ಮನಾಗಿಬಿಡುತ್ತಾರೆ. ಅದೂ ಇದೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮರೆಯಾಗಿರುತ್ತದೆ. ಬೇರೆ ಹುಡುಗಿಯರನ್ನು ನೋಡಿ ನೋಡಿ ಅವರಂತೆಯೇ ನಗುತ್ತಾ, ತಲೆಯಾಡಿಸುತ್ತಾ ದಿನ ಕಳೆಯುತ್ತಾರೆ. "ಎಷ್ಟು ಒಳ್ಳೆ ಹುಡುಗಿ, ಸದ್ದೇ ಇಲ್ಲ" ಎಂದು ಟೀಚರು ಹೊಗಳುತ್ತಾರೆ. ಮನೆಗೆ ಬಂದು ಚೀಲ ಬಿಸಾಡಿ ಒಂದು ಗಂಟೆ ಅಳುತ್ತಾಳೆ. ಟೀಚರ ಮಾತನ್ನೂ ನಂಬಿ, ಆ ಅಳುವನ್ನೂ ನಂಬಿ. ಎರಡೂ ನಿಜ.

ಮನೆಗೆ ಬಂದ ತಕ್ಷಣ "ಇವತ್ತು ಏನಾಯ್ತು? ಯಾರು ಮಾತಾಡಿಸಿದರು?" ಎಂದು ಶುರುಮಾಡಬೇಡಿ. ನಮ್ಮ ಮನೆಯಲ್ಲಿ ಅಜ್ಜಯ್ಯನಿಗೆ ಇದನ್ನು ಹೇಳಿ ಒಪ್ಪಿಸುವುದೇ ಟೀಚರಿಗೆ ಹೇಳುವುದಕ್ಕಿಂತ ಕಷ್ಟವಾಯಿತು. ಪಾಪ, ಮೊಮ್ಮಗ ಬರುವುದನ್ನೇ ಕಾಯುತ್ತಿರುತ್ತಾರೆ. ಬಟ್ಟೆ ಬದಲಿಸಿ, ತಿಂಡಿ ತಿಂದು, ಒಂದಷ್ಟು ಹೊತ್ತು ತನ್ನ ಪಾಡಿಗೆ ಬಿಟ್ಟ ಮೇಲೆ ಮಾತು ತಾನಾಗಿ ಬರುತ್ತದೆ. ಬರದಿದ್ದರೂ ಚಿಂತೆಯಿಲ್ಲ.

6. ಕ್ಲಾಸಿನಲ್ಲಿ ಅವನದೇ ಒಂದು ಕೆಲಸ

ಧೈರ್ಯ ತುಂಬುವುದು ಅಂದರೆ ನಮ್ಮಲ್ಲಿ ಸ್ಟೇಜಿಗೆ ಹತ್ತಿಸುವುದು ಎಂದೇ ಲೆಕ್ಕ. ಬೇಡ. ಮಗುವಿಗೆ ಚೆನ್ನಾಗಿ ಬರುವ, ಎಲ್ಲರಿಗೂ ನಿಜವಾಗಿ ಬೇಕಾದ, ದಿನಾ ಒಂದೇ ಹೊತ್ತಿಗೆ ಬರುವ ಒಂದು ಕೆಲಸ ಕೊಡಿಸಿ. ಬೋರ್ಡಿನ ಮೇಲೆ ತಾರೀಕು ಬರೆಯುವುದು, ಗಿಡಕ್ಕೆ ನೀರು, ಹಾಲಿನ ಲೋಟ ಎಣಿಸುವುದು, ಲೈಬ್ರರಿ ಪುಸ್ತಕ ಸಾಲಾಗಿ ಜೋಡಿಸುವುದು, ಏನಾದರೂ.

ನನ್ನ ಮಗನಿಗೆ ಸಿಕ್ಕಿದ್ದು ಬಿಸಿಯೂಟದ ಲೆಕ್ಕ. ಬೆಳಗ್ಗೆ ಹಾಜರಿ ಆದ ಮೇಲೆ ಇವತ್ತು ಊಟಕ್ಕೆ ಎಷ್ಟು ಮಕ್ಕಳು ಎಂದು ಅಡುಗೆಮನೆಗೆ ತಿಳಿಸಬೇಕು, ಅಕ್ಕಿ ಅಳೆಯುವುದು ಅದರ ಮೇಲೆ. ಕ್ಲಾಸ್ ಟೀಚರು ಅವನ ಕೈಗೆ ಒಂದು ಉದ್ದ ನೋಟ್‌ಬುಕ್ ಕೊಟ್ಟರು. ಎಡಗಡೆ ಕ್ಲಾಸು, ಬಲಗಡೆ ಸಂಖ್ಯೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ಮಿಸ್, ಇವತ್ತು ಊಟಕ್ಕೆ ಎಷ್ಟು ಜನ?" ಹೊಸಬರ ಹತ್ತಿರ ಏನು ಮಾತಾಡಬೇಕು ಎಂಬ ಭಯವೇ ಇಲ್ಲ. ಮಾತು ಮೊದಲೇ ಗೊತ್ತು, ಉತ್ತರ ಒಂದು ಸಂಖ್ಯೆ. ಬರೆದುಕೊಂಡು ಮುಂದಿನ ಬಾಗಿಲು. ಕೊನೆಗೆ ಕೂಡಿಸಿ ಅಡುಗೆಯ ಅಕ್ಕನಿಗೆ ಮೊತ್ತ ಹೇಳುವುದು. ಕೂಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅಕ್ಕ ಊರಿಗೆಲ್ಲ ಹೇಳಿದರು.

ಇದರಲ್ಲೂ ತೊಡಕು ಬಂತು. ಲೆಕ್ಕ ಮುಗಿದ ಮೇಲೆ ತಡವಾಗಿ ಬರುವ ಮಕ್ಕಳಿರುತ್ತಾರಲ್ಲ. ಮಳೆಗಾಲದಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದೇ ಅಪರೂಪ. ಬರೆದ ಸಂಖ್ಯೆ ತಪ್ಪಾದರೆ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಹಾಳೆ ಹರಿದ ದಿನವೂ ಇದೆ. ಟೀಚರು ಬುದ್ಧಿ ಹೇಳಲು ಹೋಗಲಿಲ್ಲ. ಸ್ಕೇಲ್ ಇಟ್ಟು ಮೂರನೇ ಗೆರೆ ಎಳೆದು, ಮೇಲೆ "ತಡವಾಗಿ ಬಂದವರು" ಎಂದು ಬರೆದುಕೊಟ್ಟರು. ಅಲ್ಲಿಗೆ ತಡವೂ ಲೆಕ್ಕದ ಒಳಗೇ ಬಂತು. ಇಂಥ ಟೀಚರು ಸಿಕ್ಕರೆ ಅರ್ಧ ಕೆಲಸ ಆದಂತೆ. ಸಿಗದಿದ್ದರೆ ಆ ಮೂರನೇ ಗೆರೆಯನ್ನು ನೀವೇ ಯೋಚಿಸಿ ಸೂಚಿಸಬೇಕು.

ಹೊಗಳುವಾಗ "ವೆರಿ ಗುಡ್" ಎಂದು ಚಪ್ಪಾಳೆ ಹೊಡೆಸಬೇಡಿ. "ನೀನು ಸರಿಯಾಗಿ ಬರೆದಿದ್ದಕ್ಕೆ ಇವತ್ತು ಅನ್ನ ಉಳಿಯಲಿಲ್ಲ" ಎಂದು ಹೇಳಿ. ಏನು ಮಾಡಿದ್ದಕ್ಕೆ ಏನಾಯಿತು ಎಂದು ತಿಳಿದಾಗ ಅವನಿಗೆ ಖುಷಿ.

7. ಒಬ್ಬ ಸಾಕು

ಇಡೀ ಕ್ಲಾಸಿನ ಜೊತೆ ಬೆರೆಯಲಿ ಎಂದು ಬಯಸಬೇಡಿ. ಒಬ್ಬರು. ತೀರಾ ಚುರುಕಿನ ಲೀಡರ್ ಮಗುವನ್ನು ಜೊತೆ ಹಾಕುವುದು ಟೀಚರುಗಳ ರೂಢಿ. ಅಂಥವರು ಎರಡು ದಿನದಲ್ಲಿ ಇನ್ನೊಬ್ಬ ಟೀಚರಂತೆ ಆಡುತ್ತಾರೆ. ಸಾವಧಾನದ, ಮಾತು ಕಮ್ಮಿಯ, ಅವನ ಇಷ್ಟದ ವಿಷಯದಲ್ಲಿ ಸ್ವಲ್ಪವಾದರೂ ಆಸಕ್ತಿ ಇರುವ ಮಗು ಯಾರು ಅಂತ ಟೀಚರನ್ನು ಕೇಳಿ.

ನೋಟ್‌ಬುಕ್ ಕೆಲಸಕ್ಕೆ ಟೀಚರು ಜೊತೆಗೆ ಕಳಿಸಿದ್ದು ಅಂಥ ಒಬ್ಬ ಹುಡುಗನನ್ನು. ಮೊದಲ ಕೆಲವು ವಾರ ಇಬ್ಬರೂ ಮಾತಾಡಿದ್ದೇ ಇಲ್ಲವಂತೆ, ಪಕ್ಕಪಕ್ಕ ನಡೆದದ್ದಷ್ಟೇ. ಆಮೇಲೆ ಆ ಹುಡುಗನೇ ಒಂದು ರೈಲಿನ ಆಟ ಕಟ್ಟಿದ. ಒಂದನೇ ಕ್ಲಾಸಿನ ಬಾಗಿಲು ಶಿವಮೊಗ್ಗ ಟೌನ್. ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರ. ಕೊನೆಗೆ ಅಡುಗೆಮನೆ ತಾಳಗುಪ್ಪ. ನಡುವಿನ ಸಣ್ಣ ಸ್ಟೇಷನ್ನುಗಳನ್ನು ಬಿಟ್ಟಿದ್ದಕ್ಕೆ ನನ್ನ ಮಗ ಮೂರು ದಿನ ವಾದ ಮಾಡಿದ. ಮನೆಗೆ ಬಂದು ಬೇರೆ ಮಗುವಿನ ಹೆಸರು ಹೇಳಿ ದೂರಿದ್ದು ಅದೇ ಮೊದಲು. ನನಗೆ ಆ ದೂರು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ.

ಒಬ್ಬೊಬ್ಬರಿಗೂ ಗೊತ್ತುಮಾಡಿದ ಪಾತ್ರ ಇರುವ ಆಟಗಳು ಬಹಳ ಸಹಾಯ ಮಾಡುತ್ತವೆ. ಅಮೆರಿಕದ ಡೇನಿಯಲ್ ಲೆಗಾಫ್ ಎಂಬ ಮನಶ್ಶಾಸ್ತ್ರಜ್ಞರು ಲೆಗೊ ಬಿಲ್ಲೆಗಳಿಂದ ಇದನ್ನು ಮಾಡಿಸಿ 2004ರಲ್ಲಿ ಅದರ ಬಗ್ಗೆ ಬರೆದರು. ಒಬ್ಬ ಚಿತ್ರ ನೋಡಿ ಹೇಳುತ್ತಾನೆ, ಒಬ್ಬ ಬಿಲ್ಲೆ ಹುಡುಕಿ ಕೊಡುತ್ತಾನೆ, ಒಬ್ಬ ಜೋಡಿಸುತ್ತಾನೆ, ಆಮೇಲೆ ಬದಲಾಯಿಸಿಕೊಳ್ಳುತ್ತಾರೆ. ಲೆಗೊ ದುಬಾರಿ. ಬೆಂಕಿಪೊಟ್ಟಣ, ರಟ್ಟು, ಗೋಂದು ಇಟ್ಟುಕೊಂಡು ಒಂದು ಮನೆ ಕಟ್ಟಿಸಿದರೂ ಇದೇ ಮೂರು ಪಾತ್ರ ಬರುತ್ತವೆ.

ಬಿಡುವಿನ ಆಟಕ್ಕೆ ಕಬಡ್ಡಿ, ಲಗೋರಿ ಹಲವು ಮಕ್ಕಳಿಗೆ ಕಷ್ಟ. ಮೈ ತಾಗುತ್ತದೆ, ಕೂಗಾಟ, ಎಲ್ಲ ಒಂದೇ ಸಲ ನಡೆಯುತ್ತದೆ. ಅಳಗುಳಿ ಮಣೆ ನೋಡಿ. ಇಬ್ಬರೇ ಆಡುವುದು, ಹದಿನಾಲ್ಕು ಗುಳಿ, ಹಿಡಿಯಷ್ಟು ಹುಣಸೆ ಬೀಜ, ಯಾರ ಸರದಿ ಎಂಬುದರಲ್ಲಿ ಗೊಂದಲವಿಲ್ಲ, ಎಣಿಸುವುದೇ ಆಟ. ಹೊರಗೆ ಮಳೆ ಹೊಯ್ಯುತ್ತಿರುವಾಗ ಜಗುಲಿಯಲ್ಲಿ ಕೂತು ಆಡಬಹುದು. ಚೌಕಾಬಾರವೂ ಸರಿ. ಎರಡನ್ನೂ ಮನೆಯಲ್ಲಿ ಮೊದಲು ಕಲಿಸಿ, ಸೋಲುವುದನ್ನೂ ಸೇರಿಸಿ. ಮಣೆಯನ್ನು ಶಾಲೆಗೇ ಕೊಟ್ಟುಬಿಡಿ.

ಒಂದೆರಡು ತಿಂಗಳಾದ ಮೇಲೆ ಜೊತೆಗಿರುವ ಆ ಮಗುವನ್ನು ಭಾನುವಾರ ಮನೆಗೆ ಕರೆಯಿರಿ. ಒಬ್ಬರನ್ನೇ. ಒಂದು ಗಂಟೆ ಸಾಕು. ಅವರ ಅಮ್ಮನಿಗೆ ಫೋನ್ ಮಾಡಿ ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೋಗುವುದು ಎಂದು ಹೇಳಿ. ಮೊದಲು ಏನು, ಆಮೇಲೆ ಏನು ಎಂದು ಚೀಟಿಯಲ್ಲಿ ಬರೆದಿಡಿ. ಯಾರಿಗೂ ಮುಟ್ಟಲು ಕೊಡಲಾರದ ಆಟದ ಸಾಮಾನು ಇದ್ದರೆ ಅದನ್ನು ಮುಂಚೆಯೇ ಕಪಾಟಿನಲ್ಲಿಡಲಿ, ತಪ್ಪಿಲ್ಲ. ಚೆನ್ನಾಗಿ ನಡೆಯುತ್ತಿದೆ ಎಂದು ಇನ್ನೊಂದು ಗಂಟೆ ಎಳೆಯಬೇಡಿ. ಮುಖ್ಯವಾಗಿ ನೀವು ಪಕ್ಕದಲ್ಲಿ ಕೂತು "ಮಾತಾಡು, ಕೇಳು, ಕೊಡು" ಅನ್ನಬೇಡಿ. ಅಡುಗೆಮನೆಯಲ್ಲಿ ಮಂಡಕ್ಕಿ ಕಲಸುತ್ತಾ ಇರಿ.

ಬಿಡುವಿನಲ್ಲಿ ಒಂಟಿಯಾಗಿ ಇರಬೇಕು ಎಂದರೆ ಇರಲಿ. ಬೆಳಗಿನಿಂದ ಗದ್ದಲ ತಡೆದ ಮಗುವಿಗೆ ಲೈಬ್ರರಿಯ ಮೂಲೆಯೇ ವಿಶ್ರಾಂತಿ. ಬೇಕು ಅನಿಸಿದಾಗ ಹೋಗಲು ಒಬ್ಬ ಇದ್ದಾನೆಯೇ ಎಂಬುದಷ್ಟೇ ನಾವು ನೋಡಬೇಕಾದದ್ದು.

8. ಉಳಿದ ಮಕ್ಕಳಿಗೆ ಏನು ಹೇಳುವುದು

ಎಲ್ಲದಕ್ಕೂ ಮುಂಚೆ ನಿಮ್ಮ ಮಗುವನ್ನು ಕೇಳಿ, ಹೇಳಬಹುದೇ ಎಂದು. ಒಪ್ಪಿದರೆ ಟೀಚರು ಹತ್ತು ನಿಮಿಷದಲ್ಲಿ ಹೇಳಲಿ, "ಪಾಪ" ಎಂಬ 'ಪ'ಕಾರ ಇಲ್ಲದೆ. "ಕೆಲವರಿಗೆ ಸದ್ದು ಜಾಸ್ತಿ ಕೇಳಿಸುತ್ತೆ. ಅವನಿಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕು. ಆಟಕ್ಕೆ ಕರೆಯುವಾಗ ಯಾವ ಆಟ, ಎಷ್ಟು ಹೊತ್ತು ಅಂತ ಹೇಳಿ ಕರೆಯಿರಿ." ಇಷ್ಟು ಸಾಕು. ತಾವೇ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಹೇಳಿದರು: ಅರ್ಥವಾಗದಿರುವ ತೊಂದರೆ ಎರಡೂ ಕಡೆ ಇದೆ. ಆಟಿಸಂ ಇಲ್ಲದವರಿಗೂ ಆಟಿಸಂ ಇರುವವರು ಅರ್ಥವಾಗುವುದಿಲ್ಲ. ಹಾಗಾದರೆ ಕಲಿಯುವ ಭಾರವನ್ನೆಲ್ಲ ಒಂದೇ ಮಗುವಿನ ಮೇಲೆ ಯಾಕೆ ಹೊರಿಸಬೇಕು, ಅಲ್ವಾ?

ಚುಡಾಯಿಸುವುದು ಎಲ್ಲ ಶಾಲೆಯಲ್ಲೂ ಇದೆ. ನಮ್ಮ ಮಕ್ಕಳಿಗೆ ಅದು ಗೆಳೆತನದ ವೇಷದಲ್ಲೇ ಬರುತ್ತದೆ. "ಸ್ಟೇಷನ್ ಹೆಸರೆಲ್ಲ ಹೇಳೋ" ಎಂದು ಕೂರಿಸಿಕೊಂಡು ಹಿಂದಿನಿಂದ ನಗುವುದು, ತಿಂಡಿ ತೆಗೆದುಕೊಳ್ಳುವುದು, ಟೀಚರಿಗೆ ಹೇಳಬಾರದ್ದನ್ನು ಇವನಿಂದ ಹೇಳಿಸುವುದು. ಗೆಳೆಯ ಅಂದರೆ ಯಾರು ಎಂದು ಮಗುವಿಗೆ ಬಿಡಿಸಿ ಹೇಳಬೇಕಾಗುತ್ತದೆ: ನೀನು ಬೇಡ ಅಂದರೆ ನಿಲ್ಲಿಸುವವನು ಗೆಳೆಯ. "ಬೇಡ" ಎಂದು ಗಟ್ಟಿಯಾಗಿ ಹೇಳುವುದನ್ನು ಮನೆಯಲ್ಲೇ ಆಡಿಸಿ. ಬಟ್ಟೆ ಹರಿದದ್ದು, ಸಾಮಾನು ಕಾಣೆಯಾದದ್ದು, ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾದದ್ದು ಕಂಡರೆ ತಾರೀಕು ಹಾಕಿ ಬರೆದಿಡಿ, ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡಿ. ಹೊಡೆದದ್ದು, ಅವಮಾನ ಮಾಡಿದ್ದು ಟೀಚರೇ ಆಗಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದಕ್ಕೆ ನೇರ ನಿಷೇಧವಿದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಎತ್ತಬಹುದು.

9. ಹಬ್ಬ, ಸ್ಕೂಲ್ ಡೇ, ಪ್ರವಾಸ

ಆಗಸ್ಟ್ 15ರ ಡ್ರಮ್ಮು, ಗಣಪತಿಯ ಮೈಕು, ಸ್ಕೂಲ್ ಡೇ ತಾಲೀಮಿನಿಂದ ವಾರಗಟ್ಟಲೆ ತಲೆಕೆಳಗಾಗುವ ಟೈಮ್‌ಟೇಬಲ್. ಇವು ಬರುವ ತಾರೀಕನ್ನು ತಿಂಗಳ ಮೊದಲೇ ಕೇಳಿಕೊಳ್ಳಿ. ಪೂರ್ತಿ ತಪ್ಪಿಸುವುದು, ಪೂರ್ತಿ ಕೂರಿಸುವುದು ಎರಡರ ನಡುವೆ ಬೇಕಾದಷ್ಟು ಜಾಗವಿದೆ. ಕಿವಿಗೆ ಹೆಡ್‌ಫೋನ್, ಸಾಲಿನ ಕೊನೆಯ ಜಾಗ, ಧ್ವಜ ಏರಿಸಿದ ಮೇಲೆ ಮನೆಗೆ. ನಾಟಕದಲ್ಲಿ ಪಾತ್ರ ಬೇಡ ಅಂದರೆ ಪರದೆ ಎಳೆಯುವ ಕೆಲಸ ಕೇಳಿ. ಸಕ್ರೆಬೈಲಿನ ಆನೆ ಬಿಡಾರಕ್ಕೋ ಜೋಗಕ್ಕೋ ಪ್ರವಾಸ ಹೊರಟರೆ ಮುಂಚೆ ಒಂದು ಸಲ ನೀವೇ ಕರೆದುಕೊಂಡು ಹೋಗಿ ಬಂದರೆ ಒಳ್ಳೆಯದು. ಆನೆ ನೋಡಿ ಹೆದರುತ್ತಾನೋ, ಬಿಟ್ಟು ಬರಲು ಒಪ್ಪುವುದಿಲ್ಲವೋ ಗೊತ್ತಾಗುತ್ತದೆ. ಬಸ್ಸಿನಲ್ಲಿ ಆ ಒಬ್ಬ ಗೆಳೆಯನ ಪಕ್ಕದ ಸೀಟು ಎಂದು ಟೀಚರಿಗೆ ಮೊದಲೇ ಹೇಳಿ.

10. ಏಪ್ರಿಲ್

ವರ್ಷ ಮುಗಿಯುವ ಮುಂಚೆ ಆ ಒಂದು ಹಾಳೆಯನ್ನು ಈಗಿನ ಕ್ಲಾಸ್ ಟೀಚರ ಜೊತೆ ಕೂತು ತಿದ್ದಿ. ವರ್ಷದಲ್ಲಿ ಅವರು ಕಂಡುಕೊಂಡದ್ದು ನಿಮಗೂ ಗೊತ್ತಿರುವುದಿಲ್ಲ. ಮುಂದಿನ ಟೀಚರು ಯಾರೆಂದು ಗೊತ್ತಿದ್ದರೆ ಈಗಲೇ ಪರಿಚಯ ಮಾಡಿಸಿ, ಅವರ ಫೋಟೋ ಕೇಳಿ ತೆಗೆದುಕೊಳ್ಳಿ. ಎ, ಬಿ ವಿಭಾಗ ಇರುವ ಶಾಲೆಯಾದರೆ ಇನ್ನೊಂದು ಕೆಲಸ ಇದೆ. ಆ ಗೆಳೆಯ ಇರುವ ವಿಭಾಗದಲ್ಲೇ ನಿಮ್ಮ ಮಗುವನ್ನೂ ಹಾಕಿ ಎಂದು ಒಂದು ಅರ್ಜಿ ಬರೆದು, ಫಲಿತಾಂಶ ಹೇಳುವ ದಿನ ಮುಖ್ಯ ಶಿಕ್ಷಕರ ಕೈಗೇ ಕೊಡಿ. ಜೂನ್‌ನಲ್ಲಿ ಕೇಳಿದರೆ "ಪಟ್ಟಿ ಆಗಿಹೋಗಿದೆ, ಈಗ ಬದಲಾಯಿಸಲು ಆಗಲ್ಲ" ಅನ್ನುತ್ತಾರೆ.